ಮುಂದ ಹಸಿರು, ಹಿಂದ ತುಕ್ಕು

"ಗಾಡಿ ಹಿಂದ ಹೋಗಬ್ಯಾಡ್ರಿ, ಅಲ್ಲಿ ಹುಳಾ-ಹುಪ್ಪಡಿ ಅವ," ಅಂದ ಸಂಕರ್ಷಣ.

ಜೀವಮಾನ ಎಲ್ಲಾ ಖಾಕಿ ಹಾಕ್ಕೊಂಡಾಕಿಗೆ ಯಾರರ ಹೋಗಬ್ಯಾಡ ಅಂದ್ರ ಕಾಲು ಅಲ್ಲೇ ಎಳೀತಾವು. ನಾ ಹೋದೆ. ನನ್ನ ಹಿಂದ ತಿಪ್ಪವ್ವ ಬಂದಳು, ಸೆರಗು ಸೊಂಟಕ್ಕ ಸಿಗಿಸ್ಕೊಂಡು.

ಇಂಡಿ ಊರ ಹೊರಗ, ಹಲಸಂಗಿ ದಾರಿಗೆ ಹತ್ತಿದ ಲಿಂಬಿ ತೋಟ ಅದು. ತೋಟದ ಮನಿ ಮಗ್ಗಲಕ ಪತ್ರಾಸ್ ತಗಡಿನ ಶೆಡ್ಡು. ಶೆಡ್ಡಿನ್ಯಾಗ ಡಾಜ್ ಪಿಕಪ್, ನಮ್ಮಪ್ಪನ ಕಾಲದ್ದು. ಮುಂದಿನ ಅರ್ಧ ನೋಡಿದ್ರ ಮದುಮಗಳು. ಬಾನೆಟ್ಟು, ಬಾಗಿಲು ಎಲ್ಲಾ ಹಸಿರು ಬಣ್ಣ, ದೀಪದ ಸುತ್ತಿನ ಬಳಿ ಮುಖ ಕಾಣೂ ಹಂಗ ತಿಕ್ಕಿದ್ರು. ಡ್ರೈವರ್ ಸೀಟಿನ ಬೆನ್ನಿಗೆ ಬಂದ ಕೂಡಲೇ ಬಣ್ಣ ನಿಂತುಬಿಟ್ಟಿತ್ತು. ಅಲ್ಲಿಂದ ಹಿಂದ ಬರೇ ತುಕ್ಕು, ಸೀಳಿದ ಹಲಗಿ, ಗಾಳಿ ಹೋದ ಗಾಲಿ.

ಇದೇ ಗಾಡಿ ಕದ್ದು ಅದರ ಡ್ರೈವರ್, ತಿಪ್ಪವ್ವನ ಗಂಡ ರೇವಣಪ್ಪ ಓಡಿಹೋದ ಅಂತ ಮೂವತ್ತು ವರ್ಷದ ಹಿಂದ ಸಿಂದಗಿ ಠಾಣೆದಾಗ ದೂರು ಬಿದ್ದಿತ್ತು. ದೂರು ಕೊಟ್ಟವರು ಈ ತೋಟದ ಮಾಲೀಕರು, ವಾಸುದೇವರಾಯರು. ಕಳುವಾದ ಗಾಡಿ ಕಳಕೊಂಡವರ ಶೆಡ್ಡಿನ್ಯಾಗ ನಿಂತಿತ್ತು. ಇದನ್ನ ನೋಡಿ ನಗಬೇಕೋ ಅಳಬೇಕೋ ನನಗ ತಿಳೀಲಿಲ್ಲ.

ತಿಪ್ಪವ್ವ ಹಿಂದಿನ ಹಲಗಿ ಮುಟ್ಟಿದಳು. ಅಲ್ಲೊಂದು ಕಬ್ಬಿಣದ ಪಟ್ಟಿ ಬಡಿದಿತ್ತು, ಎತ್ತಿನ ಗಾಡಿ ಗಾಲಿಗೆ ಹಾಕತಾರಲ್ಲ, ಅಂಥದ್ದು. ಹಲಗಿ ಸೀಳಿದಾಗ ರೇವಣಪ್ಪನ ಅದನ್ನ ಬಡಿದಿದ್ದ, ಕನ್ನೊಳ್ಳಿ ಮನಿ ಮುಂದ. ತಿಪ್ಪವ್ವ ಕೂಸಿನ್ನ ಬಗಲಾಗ ಇಟ್ಕೊಂಡು ಮೊಳಿ ಒಂದೊಂದ ಕೈಗೆ ಕೊಟ್ಟಿದ್ದಳು. ಆ ಕೂಸು ಯಲ್ಲಾಲಿಂಗ, ಈಗ ಸಿಂದಗಿ ರಸ್ತೆಗೆ ಢಾಬಾ ಹಾಕ್ಯಾನ. ಢಾಬಾದ ಮುಂದ ಶೋಕಿಗೆ ನಿಲ್ಲಿಸಾಕ ಹಳೇ ಗಾಡಿ ಬೇಕಾಗಿ ಮೊಬೈಲಿನ್ಯಾಗ ಹುಡುಕತಿದ್ದ. ಸಂಕರ್ಷಣ ಮಾರಾಕ ಹಾಕಿದ್ದ ಫೋಟೋದಾಗ ಈ ಪಟ್ಟಿ ಕಂಡು ಅವ್ವ ಮೊಬೈಲ್ ಕಸ್ಕೊಂಡಳಂತ.

ಮುಂದಿನಂಗ ಹಿಂದನೂ ಹಸಿರು ಬಣ್ಣ ಬಳಿದಿದ್ರ ತಿಪ್ಪವ್ವಗ ಈ ಗಾಡಿ ಗುರ್ತು ಸಿಗತಿದ್ದಿಲ್ಲ.

"ಇದ," ಅಂದಳು ನನಗಷ್ಟ ಕೇಳೂ ಹಂಗ.

ನಾ ತಲಿ ಬಗ್ಗಿಸಿ ಗಾಡಿ ಕೆಳಗ ನೋಡಿದೆ. ಹುಳಾ ಇಲ್ಲ, ಹುಪ್ಪಡಿ ಇಲ್ಲ. ಆದ್ರ ಒಂದು ವಿಚಿತ್ರ ಇತ್ತು. ಇಡೀ ಶೆಡ್ಡಿನ ನೆಲ ಮಣ್ಣು. ಮುಂದಿನ ಗಾಲಿ ಮಣ್ಣಾಗ ನಿಂತಿದ್ದವು. ಹಿಂದಿನ ಗಾಲಿ ಕೆಳಗ ಮಾತ್ರ ಫರಸಿ ಕಲ್ಲು ಹಾಸಿತ್ತು, ಒಂದು ಮಲಗೂ ಹೊರಸಿನಷ್ಟು ಜಾಗಕ್ಕ. ಮನಿ ಅಂಗಳಕ್ಕ ಹಾಕಲಾರದ ಫರಸಿ ಶೆಡ್ಡಿಗೆ ಯಾರು ಹಾಕತಾರ?

ಇನ್ನೊಂದು. ಹಿಂದಿನ ಹಲಗಿಯ ಕೊಂಡಿಗೆ ಕುಂಕುಮ, ಎಣ್ಣಿ ಸೇರಿ ಬೆರಳು ದಪ್ಪ ಪದರ ಕಟ್ಟಿತ್ತು. ಉಗುರಿನಿಂದ ಕೆರೆದೆ. ಮ್ಯಾಲ ಕೆಂಪು, ಒಳಗ ಕರ್ರಗ, ಅದರ ಒಳಗ ಮತ್ತ ಕೆಂಪು. ಒಂದೆರಡು ವರ್ಷದ್ದಲ್ಲ ಅದು.

ಬಣ್ಣ ಯಾಕ ಅರ್ಧಕ್ಕ ನಿಂತೈತಿ ಅಂತ ಸಂಕರ್ಷಣನ್ನ ಕೇಳಿದೆ. ಹುಡುಗ ಪಾಪ ಚಲೋ ಮನಷ್ಯಾ. ಹುಡುಗ ಅಂದ್ರ ಮೂವತ್ತು ದಾಟ್ಯಾನ, ಬಸವನ ಬಾಗೇವಾಡಿ ಕಡೆ ಕಾಲೇಜಿನ್ಯಾಗ ಕಲಸ್ತಾನ, ಶನಿವಾರ ಬಂದು ಗಾಡಿ ತಿಕ್ಕೋದು ಅವನ ಹುಚ್ಚು. ಹುಟ್ಟಿದಾಗ ತಾಯಿ ತೀರಿದಳಂತ. ತಂದಿ ಶ್ರೀವಲ್ಲಭ ಇವ ಕೂಸಿದ್ದಾಗನ ಸನ್ಯಾಸ ತಗೊಂಡು ಕಾಶಿ ಕಡೆ ಹೋದರಂತ. ಬೆಳೆಸಿದವರು ದೊಡ್ಡಪ್ಪ ವಾಸುದೇವರಾಯರು, ದೊಡ್ಡಮ್ಮ ತುಳಸೀಬಾಯಿ. ಅಪ್ಪಂದು ಮನ್ಯಾಗ ಇರೋದು ಒಂದ ಫೋಟೋ, ಅದರಾಗ ಅವರು ಈ ಗಾಡಿಗೆ ಆತು ನಿಂತಾರ. ಅದಕ್ಕ ಗಾಡಿ ಮ್ಯಾಲ ಮೋಹ. ನಾ ಇದನ್ನ ಈ ಕಿವಿಲೆ ಕೇಳಿ ಆ ಕಿವಿಲೆ ಬಿಟ್ಟೆ. ನನಗ ಬೇಕಾಗಿದ್ದು ಬಣ್ಣದ ಕತಿ.

ಬಣ್ಣದ ಕತಿ ಹಿಂಗ. ಮುದ್ದೇಬಿಹಾಳದಿಂದ ಜಾಹಿದ ಅನ್ನೋ ಪೇಂಟರನ್ನ ಕರೆಸಿದ್ದ. ಮುಂದಿಂದು ಮುಗಿಸಿ ಜಾಹಿದ, ಗಾಡಿ ಗ್ವಾಡಿ ಬಿಟ್ಟು ಹೊರಗ ಎಳೀರಿ, ಹಿಂದ ನನ್ನ ಕೈ ಆಡಬೇಕಲ್ಲ ಅಂದನಂತ. ದೊಡ್ಡಪ್ಪ ಒಪ್ಪಲಿಲ್ಲ. ನಿಂತಲ್ಲೇ ಹೊಡಿ, ಇಲ್ಲಾಂದ್ರ ಬಿಡು ಅಂದ್ರು. ಜಾಹಿದ ಬ್ರಶ್ ತೊಳಕೊಂಡು ಬಸ್ ಹತ್ತಿದ.

"ಎಳದ್ರ ಏನಾಗ್ತಿತ್ತಂತ?"

"ಹಳೇ ಗಾಡಿ, ಚಾಸಿ ಮುರೀತದ ಅಂತಾರ್ರಿ. ಅವರ ಮಾತಿಗೆ ಮನ್ಯಾಗ ಎದುರು ಇಲ್ಲ." ಹುಡುಗ ನಾಚಿಕೊಂಡ. "ಈಗ ಸೊಲ್ಲಾಪುರಕ್ಕ ಕಣ್ಣಿನ ಆಪರೇಶನ್ನಿಗೆ ಹೋಗ್ಯಾರ. ದೊಡ್ಡಮ್ಮನ ಹೇಳಿದ್ರು, ಅವರು ಬರೂದ್ರಾಗ ಮಾರಿಬಿಡು, ಮನಿ ಬಿಟ್ಟು ಹೋಗಲಿ ಅದು ಅಂತ."

ತಿಪ್ಪವ್ವ ನನ್ನ ಕಡೆ ನೋಡಿದಳು. ನಾ ಗಾಡಿ ಕಡೆ ನೋಡಿದೆ.

ತಿಪ್ಪವ್ವನ ಬಗ್ಗೆ ಒಂದು ಮಾತು ಹೇಳಬೇಕು. ಕನ್ನೊಳ್ಳಿಯೊಳಗ ಆಕಿಗೆ ಕಳ್ಳನ ಹೆಣ್ತಿ ಅನ್ನೋದು ಹೆಸರಾಗಿಬಿಟ್ಟಿತ್ತು. ಹಣಿ ತುಂಬ ಕುಂಕುಮ, ಕೈ ತುಂಬ ಹಸಿರು ಬಳಿ, ಕೊರಳಾಗ ತಾಳಿ. ಅದನ್ನ ನೋಡಿ ಹೆಂಗಸರು, ಓಡಿಹೋದವನ ಹೆಸರಿಲೆ ಎಷ್ಟರ ಸಿಂಗಾರ ಅಂತ ಬಾವಿಕಟ್ಟಿ ಮ್ಯಾಲ ನಗತಿದ್ರು. ಊರ ಬಾಯಿ ಯಾರು ಹೊಲಿಯಾಕ ಬರತೈತಿ? ಆಕಿ ನನ್ನ ಹತ್ರ ಬಂದು ಕೇಳಿದ್ದು ಎರಡ ಮಾತು. ಅಂವ ಕಳ್ಳ ಹೌದೋ ಅಲ್ಲೋ ನೋಡಿ ಹೇಳು ಬಾನುಬಿ. ಕುಂಕುಮ ಇಡಲೋ ಅಳಿಸಲೋ ಅದನ್ನೂ ಹೇಳು. ರಿಟೈರ್ ಆಗಿ ಮನ್ಯಾಗ ಮೊಮ್ಮಕ್ಕಳ ಜಗಳ ಬಿಡಿಸಿಕೋಂತ ಇದ್ದಾಕಿ ನಾ, ಎರಡನೇ ಮಾತಿಗೆ ಎದ್ದು ಬಂದೆ.

ತುಳಸೀಬಾಯಿ ಕಟ್ಟಿ ಮ್ಯಾಲ ಚಹಾ ಕೊಟ್ರು. ಸಣ್ಣ ಆಳು, ನೆಟ್ಟಗ ಕೂಡೂ ಹೆಂಗಸು, ಮಾತು ಕಡಿಮಿ. ತಾಂಬಾ ಊರಿನವರೇನು ನೀವು ಅಂತ ಕೇಳಿದ್ರು, ನಾ ಹೌದ್ರಿ ಅಂದುಬಿಟ್ಟೆ. ಸುಳ್ಳಿಗೆ ನಾಲಿಗಿ ಹೊಳ್ಳೋದು ನಮ್ಮ ಇಲಾಖೆದಾಗ ಮೊದಲನೇ ಪಾಠ. ತಿಪ್ಪವ್ವನ್ನ ನನ್ನ ಗೆಳತಿ ಅಂದೆ, ಅದು ಖರೇನ ಇತ್ತು.

ಗಾಡಿ ಹಿಂದ ಕುಂಕುಮ ಐತಲ್ರಿ, ಯಾರು ಹಚ್ಚತಾರ ಅಂತ ಸಹಜ ಕೇಳಿದಂಗ ಕೇಳಿದೆ.

"ನಾನ," ಅಂದ್ರು ತುಳಸೀಬಾಯಿ. "ಮನ್ಯಾಗಿನ ಕಬ್ಬಿಣಕ್ಕ ಖಂಡೇ ನವಮಿಗೆ ಪೂಜಾ ತಪ್ಪಸಬಾರದು. ಕುಡಗೋಲು, ಈಳಿಗಿ, ಮೋಟಾರು, ಎಲ್ಲಾದಕ್ಕೂ ಆಗತದ. ನಡೀಲಾರದ ಗಾಡಿ ಅಂತ ಅದನ್ನೊಂದ ಬಿಡ್ಲಿಕ್ಕೆ ಬರತದೇನು?"

"ಯಾವಾಗಿಂದ ನಿಂತೈತ್ರಿ ಅದು?"

"ಇವನ ಜಾವಳ ಆದ ವರ್ಷದಿಂದ, ಕೂಸಿದ್ದ ಆವಾಗ." ಸಂಕರ್ಷಣನ ಕಡೆ ಕೈ ತೋರಿಸಿದ್ರು. "ಶೆಡ್ಡು ಬಿಟ್ಟು ಒಂದು ಹೆಜ್ಜಿ ಹೊರಗ ಹೋಗಿಲ್ಲ. ನಾನೂ ಒಂದು ನವಮಿ ಬಿಟ್ಟಿಲ್ಲ."

ನಾ ಕಪ್ಪು ಕೆಳಗಿಟ್ಟು ವರ್ಷದ ಲೆಕ್ಕ ಹಾಕಿದೆ. ಸಂಕರ್ಷಣ, ಯಲ್ಲಾಲಿಂಗ ಇಬ್ಬರೂ ಒಂದ ವಾರಿಗಿಯವರು. ಇವನ ಜಾವಳದ ವರ್ಷನ ಅಲ್ಲಿ ಯಲ್ಲಾಲಿಂಗ ಅವ್ವನ ಬಗಲಾಗ ಇದ್ದ, ಠಾಣೆದಾಗ ದೂರು ಬಿದ್ದಿತ್ತು. ಗಾಡಿ ಕಳುವಾಗಿ ಮಹಾರಾಷ್ಟ್ರ ಸೇರೇತಿ ಅಂತ ಪೊಲೀಸರು ಅತ್ತಾಗ ಓಡಾಡತಿದ್ದಾಗ ಈ ಅಮ್ಮ ಇಲ್ಲಿ ಅದಕ್ಕ ಕುಂಕುಮ ಹಚ್ಚಿ ಗಾಲಿಗೆ ಲಿಂಬಿಹಣ್ಣು ಇಡತಿದ್ರು. ಗಂಡ ಠಾಣೆದಾಗ ಏನು ಬರೆಸಿ ಬಂದಾನ ಅಂತ ಹೆಣ್ತಿಗೆ ಹೇಳಿರಲಿಕ್ಕಿಲ್ಲ. ಯಾವ ಗಂಡ ಹೇಳತಾನ?

ಆಕಿ ಮಾತಾಡಿದ್ದು ಬರೇ ಪೂಜಾದ ಸುದ್ದಿ. ನನಗ ಸಿಕ್ಕಿದ್ದು ಇಡೀ ಕೇಸು.

ನಾ ಏಳಾಕ ನೋಡಿದೆ. ನನ್ನ ಹಂಚಿಕಿ ಇಷ್ಟ ಇತ್ತು: ಸೀದಾ ಠಾಣೆಗೆ ಹೋಗೋದು, ಈಗಿನ ಸಾಹೇಬರನ್ನ ಕರಕೊಂಡು ಬರೋದು. ಆದ್ರ ಸಂಕರ್ಷಣ ವ್ಯವಹಾರ ಮುಗಿಸೂ ಗಡಿಬಿಡಿಯೊಳಗ ಇದ್ದ. ತಾಟಿನ್ಯಾಗ ಎಲಿ-ಅಡಿಕಿ ತಂದು ಮುಂದ ಹಿಡಿದ. ತಿಪ್ಪವ್ವ ನನ್ನ ಕೇಳಲಿಲ್ಲ, ಬಿಡಲಿಲ್ಲ. ಎಲಿ ಎತ್ತಿ ಹಣಿಗೆ ಒತ್ತಿ ಸೆರಗಿನ್ಯಾಗ ಕಟ್ಟಿಕೊಂಡಳು. ನಮ್ಮ ಕಡೆ ಎಲಿ-ಅಡಿಕಿ ಆತಂದ್ರ ಮಾತು ಆತು. ಗಾಡಿ ಇನ್ನ ನಿಮ್ದು ಅಂದ ಹುಡುಗ.

"ನಿಂದರ್ರಿ," ಅಂದ್ರು ತುಳಸೀಬಾಯಿ ತಿಪ್ಪವ್ವಗ. "ಬಂದ ಮುತ್ತೈದಿ ಹಂಗ ಹೋಗಬಾರದು. ಕುಂಕುಮ ತರತೀನಿ." ಒಳಗ ಹೋದ್ರು. ನನಗ ಒಂದು ಮಳ ಮಲ್ಲಿಗಿ ತರತೇನಿ ಅಂದ್ರು, ನನ್ನ ನರೆಗೂದಲ ನೋಡಿಯೂ.

ಅಷ್ಟೊತ್ತಿಗೆ ಅಂಗಳದಾಗ ಕಾರು ಬಂದು ನಿಂತಿತು.

ಇಳಿದವರು ವಾಸುದೇವರಾಯರು. ಎತ್ತರದ ಮುದುಕ, ಬಿಳಿ ಧೋತರ, ಕಣ್ಣಿಗೆ ಆಪರೇಶನ್ನಿನ ಕರಿ ಕನ್ನಡಕ. ಎರಡು ದಿನ ತಡದು ಬರಬೇಕಾದವರು ಅವತ್ತ ಬಂದಿದ್ರು. ಸಂಕರ್ಷಣನ ಮಾರಿ ಸಣ್ಣದಾತು. ಗಾಡಿ ಮಾರಿದ್ದನ್ನ ಹೆದರಿಕೋಂತನ ಹೇಳಿದ. ರಾಯರು ಸಿಟ್ಟಾಗಲಿಲ್ಲ. ಬಡಿಗಿ ಊರಿಕೊಂಡು ನಮ್ಮ ಮುಂದ ಬಂದು ನಿಂತ್ರು.

"ಗಾಡಿ ಮಾರೂದಿಲ್ಲ. ಹೋಗಿ ಬರ್ರಿ."

"ಮಾತು ಮುಗದೈತ್ರಿ ರಾಯರ," ಅಂದೆ. "ಎಲಿ-ಅಡಿಕಿ ತಗೊಂಡೇವಿ."

"ಯಾರವರು?"

ಇನ್ನ ಮುಚ್ಚಿಟ್ಟು ಉಪಯೋಗ ಇರಲಿಲ್ಲ. ಹೆಸರು ಹೇಳಿದೆ, ಸಿಂದಗಿ ಠಾಣೆದಾಗ ಇದ್ದಾಕಿ ಅಂತನೂ ಹೇಳಿದೆ. ಕರಿ ಕನ್ನಡಕದ ಹಿಂದ ಏನಾತೋ ಕಾಣಲಿಲ್ಲ. ಬಡಿಗಿ ಹಿಡಿದ ಕೈ ಮಾತ್ರ ಒಂದು ಸಲ ಬಿಗಿಯಾತು.

"ಈ ಗಾಡಿ ಕಳುವಾಗಿತ್ತಲ್ರಿ?"

"ಆಗಿತ್ತು. ಆಮ್ಯಾಲ ಸಿಕ್ತು," ಅಂದ್ರು. ತಡವರಿಸಲೇ ಇಲ್ಲ. "ಡ್ರೈವರ್ ಅಕ್ಕಲಕೋಟದ ಹಾದಿಯೊಳಗ ಬಿಟ್ಟು ಹೋಗಿದ್ದ. ನಾಕೈದು ವರ್ಷ ಆದಮ್ಯಾಲ ಖಬರ್ ಬಂತು, ಎಳಸಿಕೊಂಡು ಬಂದು ನಿಲ್ಲಿಸಿದೆ."

"ಠಾಣೆಗೆ ತಿಳಿಸಲಿಲ್ಲ?"

"ಸಿಕ್ಕ ವಸ್ತುವಿಗೆ ಠಾಣೆ ಯಾಕ ಬೇಕು?"

ಬಾಯಿಪಾಠ ಮಾಡಿಟ್ಟ ಉತ್ತರ. ಮೂವತ್ತು ವರ್ಷ ಹಳೇ ಮಾತು ಕೇಳಿದ್ರ ಮನಷ್ಯಾ ತಲಿ ಕೆರಕೊಂಡು ನೆನಸಿಕೋಬೇಕು. ಇವರು ನಿನ್ನೆ ಸಂತಿಗೆ ಹೋಗಿ ಬಂದವರಂಗ ಹೇಳಿದ್ರು. ನನಗ ಸಿಟ್ಟು ಬಂತು, ಆದ್ರ ದನಿ ಏರಿಸಲಿಲ್ಲ.

"ಹಂಗಾದ್ರ ಆ ನಾಕೈದು ವರ್ಷ ತುಳಸೀಬಾಯಾರು ಯಾವ ಗಾಡಿಗೆ ಪೂಜಾ ಮಾಡಿದ್ರು?"

ಸಂಕರ್ಷಣ ದೊಡ್ಡಪ್ಪನ ಮಾರಿ ನೋಡಿದ. ರಾಯರು ಮೊದಲನೇ ಸಲ ಹುಡುಕಿ ಮಾತಾಡಿದ್ರು.

"ಆಕಿಗೆ ವಯಸ್ಸಾಗೇದ. ಯಾವ ವರ್ಷ ಯಾವದು ಅಂತ ನೆನಪು ಇರೂದಿಲ್ಲ."

ಬರೋಬ್ಬರಿ. ಕೋರ್ಟಿನ್ಯಾಗ ವಕೀಲನೂ ಇದನ್ನ ಹೇಳತಾನ. ಎಪ್ಪತ್ತು ದಾಟಿದ ಹೆಣ್ಣುಮಗಳ ನೆನಪು, ಒಂದಿಷ್ಟು ಕುಂಕುಮ. ಇದರ ಮ್ಯಾಲ ಯಾರು ಕೇಸು ನಿಲ್ಲಿಸತಾರ? ನನ್ನ ಕೈಯಾಗಿದ್ದ ಕೇಸು ಜಾರಾಕತ್ತಿತ್ತು. ರಾಯರಿಗೂ ಅದು ಗೊತ್ತಾತು, ಮಾರಿ ಸ್ವಲ್ಪ ಸಡಿಲಾತು.

"ಕಳ್ಳನ ಹುಡುಕಿಕೊಂಡು ಇಷ್ಟು ವರ್ಷದ ಮ್ಯಾಲ ಬಂದ್ರಿ," ಅಂದ್ರು. "ಅಂವ ಎಲ್ಲೋ ಸೊಲ್ಲಾಪುರದಾಗ ಇನ್ನೊಂದು ಸಂಸಾರ ಮಾಡಿಕೊಂಡು ಆರಾಮ ಇದ್ದಾನು."

ತಿಪ್ಪವ್ವ ಎಷ್ಟೋ ಸಲ ಎಷ್ಟೋ ಬಾಯಿಂದ ಕೇಳಿದ್ದ ಮಾತದು.

ತುಳಸೀಬಾಯಿ ಒಳಗಿಂದ ಬಂದ್ರು. ಅಡಗಿಮನಿ ಹಿಂದಿನದು, ಹೊರಗಿನ ಮಾತು ಅವರಿಗೆ ಕೇಳಿರಲಿಲ್ಲ. ಕೈಯಾಗ ಬೆಳ್ಳಿ ಕುಂಕುಮದ ಭರಣಿ, ತೋಳಿನ ಮ್ಯಾಲ ಮಲ್ಲಿಗಿ ಮಾಲಿ. ಗಂಡನ್ನ ನೋಡಿ ಒಂದು ಕ್ಷಣ ನಿಂತ್ರು, ಆದ್ರ ಬಾಗಿಲಿಗೆ ಬಂದ ಮುತ್ತೈದಿಯನ್ನ ನಿಲ್ಲಿಸಿ ಇಡಬಾರದಲ್ಲ. ಭರಣಿ ಮುಚ್ಚಳ ತಗದು ಬೆರಳು ಅದ್ದಿದ್ರು. ತಿಪ್ಪವ್ವ ಹಣಿ ಮುಂದ ಮಾಡಿದಳು.

"ನಿನ್ನ ಹೆಸರೇನವಾ?" ಅಂತ ಕೇಳಿದ್ರು, ಹಚ್ಚೂ ಮೊದಲ ಕೇಳೂ ರೂಢಿಯಂಗ.

ಆಕಿ ಬದಲಿ ನಾ ಹೇಳಿದೆ.

"ಇಕಿ ತಿಪ್ಪವ್ವರಿ. ಕನ್ನೊಳ್ಳಿ ರೇವಣಪ್ಪನ ಹೆಣ್ತಿ."

ಕೈ ನಿಂತಿತು.

ಹಣಿಗೂ ಬೆರಳಿಗೂ ನಡಕ ಒಂದು ಗೇಣು ಉಳಿದಿತ್ತು. ತುಳಸೀಬಾಯಿ ಕೈ ಮುಂದನೂ ಹೋಗಲಿಲ್ಲ, ಹಿಂದನೂ ಬರಲಿಲ್ಲ. ಆಮ್ಯಾಲ ಮೆಲ್ಲಕ ಆ ಬೆರಳನ್ನ ಸೆರಗಿಗೆ ಒರಸಿಕೊಂಡ್ರು. ಭರಣಿ ಮುಚ್ಚಳ ಹಾಕಿದ್ರು.

ಇದನ್ನ ನಾ ಕಣ್ಣಾರೆ ಕಂಡೆ. ಗಂಡ ಓಡಿಹೋದಾಕಿಗೆ ಕುಂಕುಮ ಕೊಡತಾರ. ಗಂಡ ಜೈಲಿನ್ಯಾಗ ಇದ್ದಾಕಿಗೂ ಕೊಡತಾರ, ಕಳ್ಳನ ಹೆಣ್ತಿಗೂ ಕೊಡತಾರ. ಇನ್ನೊಂದು ಸಂಸಾರ ಮಾಡಿದವನ ಹೆಣ್ತಿಗಂತೂ ಒಂದು ಬೆರಳು ಹೆಚ್ಚು ಹಚ್ಚಿ ಕಳಸತಾರ. ಗಂಡ ಸತ್ತಾಕಿಗೆ ಮಾತ್ರ ಕೊಡೂದಿಲ್ಲ. ಆಕಿ ಹಣ್ಯಾಗ ಕುಂಕುಮ ಇದ್ರೂ, ಅಂವ ಸತ್ತಾನ ಅಂತ ಖಾತ್ರಿ ಗೊತ್ತಿದ್ದವರ ಕೈ ಏಳೂದಿಲ್ಲ. ಬಾಯಿ ಸುಳ್ಳು ಹೇಳೀತು, ಜೀವನ ಪೂರ್ತಿ ಮಡಿ ಮಾಡಿದ ಕೈ ಸುಳ್ಳು ಹೇಳಾಕ ಒಲ್ಲೆ ಅಂದಿತ್ತು.

ಎಷ್ಟು ಹೆಣ ನೋಡಿದಾಕಿ ನಾ, ಆದ್ರ ಆ ಮುಚ್ಚಿದ ಭರಣಿ ನೋಡಾಕ ಆಗಲಿಲ್ಲ.

"ಹಚ್ರಿ ಅವ್ವಾರ," ಅಂದಳು ತಿಪ್ಪವ್ವ. "ಯಾಕ ನಿಲ್ಲಿಸಿದ್ರಿ?"

ರಾಯರು ಹೆಣ್ತಿಗೆ ಮರಾಠಿಯೊಳಗ ಒಂದ ಮಾತು ಅಂದ್ರು, ಒಳಗ ಹೋಗು ಅಂತ. ಆಕಿ ಹೋಗಲಿಲ್ಲ. ಹಚ್ಚಲೂ ಇಲ್ಲ.

ತಿಪ್ಪವ್ವ ಅಳತಾಳ ಅಂತ ನಾ ಮಗ್ಗಲಕ ಸರಿದೆ. ಆಕಿ ಅಳಲಿಲ್ಲ. ತನ್ನ ಹಣಿ ಮ್ಯಾಲಿನ ಕುಂಕುಮ ತಾನ ಮುಟ್ಟಿ ನೋಡಿಕೊಂಡಳು.

"ಹಂಗಾದ್ರ ಅಂವ ಕಳ್ಳ ಅಲ್ಲ," ಅಂದಳು. ಯಾರಿಗೂ ಹೇಳಿದ್ದಲ್ಲ ಅದು. "ಓಡಿ ಹೋಗಿಲ್ಲ. ನನ್ನ ಬಿಟ್ಟು ಹೋಗಿಲ್ಲ."

ಮೂವತ್ತು ವರ್ಷ ಬೇಕಾಗಿದ್ದ ಮಾತು, ಬರಬಾರದ ಕೈಯಿಂದ ಬಂದಿತ್ತು. ಖುಷಿ ಪಡಬೇಕಂದ್ರ ಅದರ ಜೋಡಿ ಇನ್ನೊಂದು ಬಂದಿತ್ತು. ನಾ ಏನು ಹೇಳಲಿ? ಭುಜದ ಮ್ಯಾಲ ಕೈ ಇಟ್ಟೆ, ಆಕಿ ಕೈ ತಗದು ಸಂಕರ್ಷಣನ ಮುಂದ ಹೋಗಿ ನಿಂತಳು.

"ತಮ್ಮಾ, ಗಾಡಿ ನಮ್ದು ಅಂದಿ."

"ಹೌದ್ರಿ," ಅಂದ ಹುಡುಗ. ಅವನಿಗೆ ಏನೂ ತಿಳಿದಿದ್ದಿಲ್ಲ, ಆದ್ರ ದೊಡ್ಡಮ್ಮನ ಕೈ ನಿಂತಿದ್ದನ್ನ ಅವನೂ ನೋಡಿದ್ದ. ಅವನೂ ಅದ ಮನ್ಯಾಗ ಬೆಳದವ.

"ಹೊರಗ ಎಳಿ. ಈಗ."

ರಾಯರು ಬ್ಯಾಡ ಅಂದ್ರು. ಚಾಸಿ ಮುರೀತದ ಅಂದ್ರು, ಅಪ್ಪನ ಕಾಲದ ಗಾಡಿ ಅಂದ್ರು, ನಿನಗ ಅನ್ನ ಹಾಕಿದವರಾರು ಅಂತನೂ ಅಂದ್ರು. ಸಂಕರ್ಷಣ ದೊಡ್ಡಮ್ಮನ ಕಡೆ ನೋಡಿದ. ಆಕಿ ಭರಣಿ ಎದಿಗೆ ಒತ್ತಿ ಹಿಡಿದಿದ್ರು, ಬ್ಯಾಡ ಅನ್ನಲಿಲ್ಲ. ಅಂವ ಹೋಗಿ ಟ್ರ್ಯಾಕ್ಟರ್ ಚಾಲೂ ಮಾಡಿದ.

ನಾ ಅಷ್ಟೊತ್ತಿಗೆ ಠಾಣೆಗೆ ಫೋನ್ ಹಚ್ಚಿದ್ದೆ. ಅತ್ತಾಗ ಗಂಟಿ ಹೊಡೀತಿತ್ತು, ಇತ್ತಾಗ ಹುಡುಗ ಗಾಡಿ ಮುಂದ ಬಗ್ಗಿ ಸರಪಳಿ ಸಿಗಿಸಿದ. ಹೊಸ ಹಸಿರು ಬಣ್ಣಕ್ಕ ಸರಪಳಿ ತಿಕ್ಕಿ ಗೀರು ಬಿತ್ತು. ಶನಿವಾರಕ್ಕೊಮ್ಮೆ ತಿಕ್ಕಿದ ಬಣ್ಣ, ಅಂವ ಅದನ್ನ ನೋಡಲೂ ಇಲ್ಲ.

ಆವಾಗ ರಾಯರು ಬಡಿಗಿ ಒಗದು ಶೆಡ್ಡಿನೊಳಗ ಹೋದ್ರು.

ಗಾಡಿ ತಡೆಯೋ ಮನಷ್ಯಾ ಗಾಡಿ ಮುಂದ ಹೋಗಿ ನಿಲ್ಲತಾನ. ರಾಯರು ಹಿಂದ ಹೋದ್ರು. ಗ್ವಾಡಿಗೂ ತುಕ್ಕು ಹಿಡಿದ ಹಲಗಿಗೂ ನಡಕ ತುರುಕಿಕೊಂಡು, ಆ ಫರಸಿ ಮ್ಯಾಲ ಎರಡೂ ಪಾದ ಊರಿ, ಕೊಂಡಿ ಹಿಡಕೊಂಡು ನಿಂತ್ರು. ಕುಂಕುಮ ಅವರ ಅಂಗೈಗೆ ಹತ್ತಿತ್ತು.

ತುಳಸೀಬಾಯಿ ಶೆಡ್ಡಿನ ಬಾಗಿಲಿಗೆ ಬಂದ್ರು. ಗಂಡನ ಎದುರು ಆಕಿ ದನಿ ತಗದಿದ್ದು ಆ ಮನಿ ಗ್ವಾಡಿಗೂ ಹೊಸದಿರಬೇಕು.

"ಸರೀರಿ ಇನ್ನ," ಅಂದ್ರು. "ಆ ಇಬ್ಬರ ಮ್ಯಾಲ ಇನ್ನೆಷ್ಟು ವರ್ಷ ನಿಲ್ಲವರಿದ್ದೀರಿ?"

ನಾವು ಹುಡುಕಿಕೊಂಡು ಬಂದಿದ್ದು ಒಬ್ಬನ್ನ.

ಫೋನಿನ್ಯಾಗ ಯಾರೋ ಹಲೋ ಹಲೋ ಅನ್ನಾಕತ್ತಿದ್ರು. ಸಂಕರ್ಷಣ ಚಾವಿ ತಿರುವಿ ಟ್ರ್ಯಾಕ್ಟರ್ ಬಂದ್ ಮಾಡಿದ. ಇಳಿದು ಬಂದು ದೊಡ್ಡಮ್ಮನ ಮುಂದ ನಿಂತ.

"ನಮ್ಮಪ್ಪ ಕಾಶಿಗೆ ಹೋಗಿದ್ದು ಯಾವ ತಿಂಗಳದಾಗ, ದೊಡ್ಡಮ್ಮಾ?" ಅಂತ ಕೇಳಿದ.